ಎಲ್ಲಿಂದ ಬಂದೆ ಎಂದು ಕೇಳುವ ಯಂತ್ರ

ಕೊರೊನಾದ ಎರಡನೆಯ ವರ್ಷ. ಡೊಂಬಿವಲಿ ಪೂರ್ವದ ನಮ್ಮ ವಸತಿ ಸಂಕೀರ್ಣದಲ್ಲಿ ಒಂದು ತಾಳಮದ್ದಳೆ ನಡೆಸುವುದೆಂದು ನಿಶ್ಚಯವಾಯಿತು. ಪ್ರಸಂಗ ‘ಕೃಷ್ಣ ಸಂಧಾನ’. ಭಾಗವತರು, ಮದ್ದಳೆ, ಚೆಂಡೆ, ನಾಲ್ವರು ಅರ್ಥಧಾರಿಗಳು, ಇಷ್ಟೇ ಮಂದಿ ಕೆಳಗಿನ ಸಭಾಗೃಹದಲ್ಲಿ ಕುಳಿತುಕೊಳ್ಳಬಹುದು, ಉಳಿದವರು ತಂತಮ್ಮ ಮನೆಗಳಲ್ಲೇ ಇರಬೇಕು ಎಂಬುದು ಕರಾರು. ಕೇಳುವ ಆಸೆ ಹೆಚ್ಚಾಗಿದ್ದದ್ದು ಎದುರಿನ ಕಟ್ಟಡದ ಹಿರಿಯರಿಗೆ. ಎಣಿಸಿದಾಗ ಹನ್ನೊಂದು ಮನೆಗಳಾದವು. ‘ಧ್ವನಿ ಒಂದಿದ್ದರೆ ಸಾಲದೇ, ತಾಳಮದ್ದಳೆಗೆ ವೇಷವೇ ಇಲ್ಲವಲ್ಲ’ ಎಂದು ನಾನು ಕೇಳಿ ನೋಡಿದೆ. ‘ಕೌರವನ ಅರ್ಥ ಹೇಳುವವನ ಮುಖ ಕಾಣದಿದ್ದರೆ ಅದೇನು ಅರ್ಥ ಮಾರಾಯರೇ’ ಎಂಬ ಉತ್ತರ ಬಂತು. ಹಾಗಾಗಿ ಚಿತ್ರವೂ ಬೇಕಾಯಿತು.

ಮಳೆಗಾಲದಲ್ಲಿ ನಮ್ಮಲ್ಲಿ ಅಂತರ್ಜಾಲದ ಸಂಪರ್ಕ ಇದ್ದರೆ ಇದೆ, ಇಲ್ಲವಾದರೆ ಇಲ್ಲ. ಅದನ್ನು ನಂಬುವಂತಿರಲಿಲ್ಲ. ಎರಡು ಕಟ್ಟಡಗಳ ನಡುವೆ ಎಂದೋ ಎಳೆದಿದ್ದ ಒಂದು ಹಳೆಯ ಕೇಬಲ್ ಮಾತ್ರ ಜೀವಂತವಾಗಿತ್ತು. ಅದರ ಸಾಮರ್ಥ್ಯ ಸೆಕೆಂಡಿಗೆ 10 ಮೆಗಾಬಿಟ್. ನೋಡಲು ಯೋಗ್ಯವಾದ ಚಿತ್ರಕ್ಕೆ ಸೆಕೆಂಡಿಗೆ 4 ಮೆಗಾಬಿಟ್ ಬೇಕು. ಹನ್ನೊಂದು ಮನೆಗಳಿಗೆ ಹನ್ನೊಂದು ಪ್ರತಿ ಕಳಿಸಿದರೆ 44 ಆಗುತ್ತದೆ. ಮೂರನೆಯ ಮನೆಗೇ ತಂತಿ ತುಂಬಿ ಹೋಗುವ ಲೆಕ್ಕ ಇದು.

ಒಂದೇ ಪ್ರತಿ ತಂತಿಯನ್ನು ದಾಟಿ, ಆಚೆಯ ಕಟ್ಟಡದಲ್ಲಿ ಕವಲೊಡೆದು ಹನ್ನೊಂದು ಮನೆಗಳಿಗೆ ಹೋಗುವಂತಿದ್ದರೆ ಸಾಕಲ್ಲ ಎನಿಸಿತು. ಹಾಗೆ ಮಾಡುವ ವಿದ್ಯೆಗೆ ಮಲ್ಟಿಕಾಸ್ಟ್ ಎಂದು ಹೆಸರು. ಕವಲೊಡೆಯುವ ಜಾಗದಲ್ಲಿ ಒಂದು ರೂಟರ್ ಇರಬೇಕು. ಅಂಗಡಿಯಲ್ಲಿ ಸಿಗುವ ಅಗ್ಗದ ರೂಟರುಗಳಿಗೆ ಎರಡು ಜಾಲಗಳ ನಡುವೆ ಈ ಕೆಲಸ ಮಾಡಿ ಅಭ್ಯಾಸವಿಲ್ಲ. ಆದರೆ ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ಲಿನಕ್ಸ್ ಹಾಕಿದರೆ ಅದನ್ನೇ ರೂಟರ್ ಮಾಡಬಹುದು. ಈ ವಿದ್ಯೆ ಹುಟ್ಟಿದ ಕಾಲದಲ್ಲಿ ಎಲ್ಲರೂ ಮಾಡಿದ್ದು ಅದನ್ನೇ. ನಾಲ್ಕು ಸಂಜೆಗಳ ನನ್ನ ಪರದಾಟದಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದಿನ ಒಂದೊಂದು ಪ್ರಶ್ನೆ ಮತ್ತೆ ನನ್ನೆದುರು ಬಂದು ನಿಂತಿತು. ಈ ಬರಹ ಆ ಪ್ರಶ್ನೆಗಳ ಚರಿತ್ರೆ.

ಕಲ್ಯಾಣ್ ಬಲ್ಲವರಿಗೆ ಮಲ್ಟಿಕಾಸ್ಟನ್ನು ವಿವರಿಸುವುದು ಸುಲಭ. ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಹಳಿ ಕಲ್ಯಾಣ್ ತಲಪಿತು. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕಸಾರದ ಕಡೆಗೆ, ಇನ್ನೊಂದು ಕರ್ಜತ್ತಿನ ಕಡೆಗೆ. ಕಾಲಾಂತರದಲ್ಲಿ, 2004ರಲ್ಲಿ, ಥಾಣೆಯಲ್ಲಿಯೂ ಇನ್ನೊಂದು ಕವಲು ಮೂಡಿ ವಾಶಿಗೆ ಹೊರಳಿತು. ಈಗ ಒಂದು ಪತ್ರಿಕೆಯ ಕಟ್ಟುಗಳು ಮುಂಬಯಿಯಿಂದ ಹೊರಡುತ್ತವೆ ಎಂದುಕೊಳ್ಳೋಣ. ಪ್ರತಿ ಓದುಗನಿಗೂ ಒಬ್ಬೊಬ್ಬ ಆಳನ್ನು ಕಳಿಸುವುದು ಒಂದು ಕ್ರಮ. ಅಂತರ್ಜಾಲ ಇಂದು ಬಹುಮಟ್ಟಿಗೆ ನಡೆಯುವುದು ಹೀಗೆಯೇ. ಪ್ರತಿ ಮನೆಯ ಬಾಗಿಲಿಗೂ, ಓದು ಬರುವವರಿಗೂ ಬಾರದವರಿಗೂ, ಒಂದೊಂದು ಪ್ರತಿ ಎಸೆಯುವುದು ಎರಡನೆಯ ಕ್ರಮ. ಮೂರನೆಯದರಲ್ಲಿ ಒಂದೇ ಕಟ್ಟು ಥಾಣೆಯವರೆಗೆ ಬರುತ್ತದೆ. ವಾಶಿಯ ಕಡೆ ಓದುಗರಿದ್ದರೆ ಅಲ್ಲೊಂದು ಪ್ರತಿ ಆ ಕಡೆ ಹೊರಳುತ್ತದೆ. ಕಲ್ಯಾಣದಲ್ಲಿ ಮತ್ತೆ ಅದೇ ವಿಚಾರಣೆ. ಕಸಾರದ ದಾರಿಯಲ್ಲಿ ಕೇಳುವವರೇ ಇಲ್ಲದಿದ್ದರೆ ಆ ಕಡೆ ಏನೂ ಹೋಗುವುದಿಲ್ಲ. ಯಾವ ಹಳಿಯ ಮೇಲೂ ಒಂದಕ್ಕಿಂತ ಹೆಚ್ಚು ಪ್ರತಿ ಸಾಗುವುದಿಲ್ಲ. ಕಳಿಸಿದವನಿಗೆ ಓದುಗರು ಎಷ್ಟು, ಎಲ್ಲೆಲ್ಲಿದ್ದಾರೆ ಎಂಬುದು ತಿಳಿದಿರಬೇಕಾಗಿಯೂ ಇಲ್ಲ. ಇಲ್ಲಿ ಉಪಮೆ ಸ್ವಲ್ಪ ಸೋಲುತ್ತದೆ: ಕಾಗದದ ಪ್ರತಿಯನ್ನು ಕವಲಿನಲ್ಲಿ ಇಮ್ಮಡಿಸಲಾಗದು, ಪ್ಯಾಕೆಟ್ಟನ್ನು ಇಮ್ಮಡಿಸಬಹುದು.

ಕೇಳಲು ಸರಳ. ತೊಡಕು ಇರುವುದು ರೈಲು ಹಳಿಗಳಂತೆ ಕಂಪ್ಯೂಟರ್ ಜಾಲ ಮರದ ಆಕಾರದಲ್ಲಿ ಇರುವುದಿಲ್ಲ ಎಂಬುದರಲ್ಲಿ. ಅದರಲ್ಲಿ ಸುತ್ತುದಾರಿಗಳಿರುತ್ತವೆ. ಬಂದ ಪ್ಯಾಕೆಟ್ಟನ್ನು ಪ್ರತಿ ಕೂಡುದಾರಿಯೂ ಉಳಿದೆಲ್ಲ ದಿಕ್ಕುಗಳಿಗೆ ಕಳಿಸುತ್ತ ಹೋದರೆ, ಅದು ಸುತ್ತು ಹಾಕಿ ಮರಳಿ ಬಂದು, ಮತ್ತೆ ಇಮ್ಮಡಿಸಿ, ಕ್ಷಣಾರ್ಧದಲ್ಲಿ ಜಾಲವನ್ನೇ ಮುಳುಗಿಸುತ್ತದೆ. ಈಗಾಗಲೇ ನೋಡಿದ ಪ್ಯಾಕೆಟ್ಟುಗಳನ್ನೆಲ್ಲ ನೆನಪಿಟ್ಟುಕೊಳ್ಳುವುದು ಒಂದು ಉಪಾಯವಾದರೂ, ಅಂದಿನ ಯಂತ್ರಗಳಿಗೆ ಅಷ್ಟು ಸ್ಮೃತಿ ಇರಲಿಲ್ಲ.

ಇದಕ್ಕೆ ಅತ್ಯಂತ ಸುಂದರವಾದ ಪರಿಹಾರ ಕೊಟ್ಟವರಲ್ಲೊಬ್ಬರು ನಮ್ಮ ಪೊವಾಯಿಯಲ್ಲಿ ಓದಿದವರು. ಯೋಗೇನ್ ದಲಾಲ್ 1972ರಲ್ಲಿ ಐಐಟಿ ಬಾಂಬೆಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಸ್ಟ್ಯಾನ್‌ಫರ್ಡಿಗೆ ಹೋದರು. ಅಂತರ್ಜಾಲದ ಮೂಲ ನಿಯಮಾವಳಿಯಾದ ಟಿಸಿಪಿಯ ಮೊದಲ ವಿವರಣೆ 1974ರ ಡಿಸೆಂಬರಿನಲ್ಲಿ ಹೊರಬಂದಾಗ ಅದರ ಮೇಲಿದ್ದ ಮೂರು ಹೆಸರುಗಳಲ್ಲಿ ವಿಂಟ್ ಸರ್ಫ್ ಮತ್ತು ಕಾರ್ಲ್ ಸನ್‌ಶೈನ್ ಜೊತೆಗೆ ಅವರದೂ ಒಂದು. ಒಂದು ಸಂದೇಶವನ್ನು ಜಾಲದ ಎಲ್ಲರಿಗೂ ಮುಟ್ಟಿಸುವುದು ಹೇಗೆ ಎಂಬುದು ಅವರ ಪಿಎಚ್‌ಡಿಯ ವಿಷಯವಾಗಿತ್ತು. 1978ರಲ್ಲಿ ಈಥರ್ನೆಟ್ಟಿನ ಜನಕ ರಾಬರ್ಟ್ ಮೆಟ್‌ಕಾಫ್ ಅವರೊಡನೆ ಸೇರಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ‘ರಿವರ್ಸ್ ಪಾತ್ ಫಾರ್ವರ್ಡಿಂಗ್’ ಎಂಬ ಸೂತ್ರವಿದೆ. ಹಿಮ್ಮುಖ ದಾರಿಯ ಸೂತ್ರ ಎನ್ನೋಣ.

ಸಾಮಾನ್ಯ ರೂಟರ್ ಪ್ಯಾಕೆಟ್ಟನ್ನು ಕಂಡಾಗ ‘ಎಲ್ಲಿಗೆ ಹೋಗಬೇಕು’ ಎಂದು ಕೇಳುತ್ತದೆ. ದಲಾಲ್–ಮೆಟ್‌ಕಾಫ್ ಸೂತ್ರದ ರೂಟರ್ ‘ಎಲ್ಲಿಂದ ಬಂದೆ’ ಎಂದು ಕೇಳುತ್ತದೆ. ಹಾಗೆ ಕೇಳಿ, ತನ್ನೊಳಗೆ ಹೀಗೆ ವಿಚಾರ ಮಾಡುತ್ತದೆ: ಈ ಪ್ಯಾಕೆಟ್ಟಿನ ಮೂಲದೂರಿಗೆ ನಾನೇ ಒಂದು ಓಲೆ ಕಳಿಸಬೇಕಾದರೆ ಯಾವ ಬಾಗಿಲಿನಿಂದ ಕಳಿಸುತ್ತಿದ್ದೆ? ಪ್ಯಾಕೆಟ್ ಅದೇ ಬಾಗಿಲಿನಿಂದ ಒಳಬಂದಿದ್ದರೆ ಅದು ನೇರ ದಾರಿಯಲ್ಲಿ ಬಂದಿದೆ. ಸ್ವೀಕರಿಸಿ, ಉಳಿದ ದಿಕ್ಕುಗಳಿಗೆ ಹಂಚು. ಬೇರೆ ಬಾಗಿಲಿನಿಂದ ಬಂದಿದ್ದರೆ ಅದು ಎಲ್ಲೋ ಸುತ್ತಿಕೊಂಡು ಬಂದ ನಕಲು, ಎಸೆದುಬಿಡು. ಪ್ರತಿ ರೂಟರಿಗೂ ಮೂಲದೂರಿನ ಕಡೆಗೆ ಇರುವ ಬಾಗಿಲು ಒಂದೇ ಆದ್ದರಿಂದ ಸುತ್ತಿಬಂದ ನಕಲು ಮುಂದೆ ಹರಿಯುವುದಿಲ್ಲ. ಯಾವುದನ್ನೂ ನೆನಪಿಡಬೇಕಾಗಿಲ್ಲ. ಊರಿಗೆ ಹೋಗುವ ದಾರಿ ಗೊತ್ತಿದ್ದರೆ ಸಾಕು. ಡೊಂಬಿವಲಿಯ ಲೋಕಲಿನಲ್ಲಿ ಕನ್ನಡ ಕೇಳಿಸಿದ ಕೂಡಲೇ ‘ನಿಮ್ಮ ಊರು ಯಾವುದು’ ಎಂದು ಮೊದಲು ಕೇಳಿಕೊಳ್ಳುವ ನಮ್ಮಂಥವರಿಗೆ ಈ ಯಂತ್ರದ ಸ್ವಭಾವ ಅಪರಿಚಿತವೆನಿಸಲಿಕ್ಕಿಲ್ಲ.

ನನ್ನ ಎರಡನೆಯ ಸಂಜೆ ಹಾಳಾದದ್ದು ಈ ಸೂತ್ರದಿಂದಲೇ. ಸಭಾಗೃಹದಲ್ಲಿ ಚಿತ್ರ ಕಳಿಸುವ ಲ್ಯಾಪ್‌ಟಾಪ್ ತಂತಿಗೂ ವೈಫೈಗೂ ಏಕಕಾಲಕ್ಕೆ ಜೋಡಿಸಿಕೊಂಡಿತ್ತು. ಪ್ಯಾಕೆಟ್ಟುಗಳ ಮೇಲೆ ವೈಫೈಯ ವಿಳಾಸ ಹಾಕಿ, ತಂತಿಯ ಮೂಲಕ ಕಳಿಸುತ್ತಿತ್ತು. ನನ್ನ ಹಳೆಯ ಕಂಪ್ಯೂಟರ್ ಅವುಗಳ ಮೂಲ ಕೇಳಿತು, ಬಂದ ಬಾಗಿಲು ನೋಡಿತು, ಎರಡೂ ತಾಳೆಯಾಗದ್ದರಿಂದ ಒಂದು ಮಾತೂ ಆಡದೆ ಎಲ್ಲವನ್ನೂ ಎಸೆಯಿತು. ದೋಷದ ಸಂದೇಶವೂ ಇಲ್ಲ. ಎರಡು ತಾಸು ತಲೆ ಕೆಡಿಸಿಕೊಂಡ ಮೇಲೆ, ವೈಫೈ ಆರಿಸಿದೊಡನೆ ಸರಿಹೋಯಿತು. 1978ರ ಪ್ರಬಂಧದ ಒಂದು ವಾಕ್ಯಕ್ಕೆ ನಾನು ಎಡವಿದ್ದೆ.

ಎಲ್ಲರಿಗೂ ಮುಟ್ಟಿಸುವ ಸೂತ್ರವನ್ನು ‘ಬೇಕಾದವರಿಗೆ ಮಾತ್ರ’ ಎಂದು ಮಾಡಿದ್ದು ಅದೇ ಸ್ಟ್ಯಾನ್‌ಫರ್ಡಿನ ಇನ್ನೊಬ್ಬ ವಿದ್ಯಾರ್ಥಿ, ಸ್ಟೀವ್ ಡೀರಿಂಗ್. ಡೇವಿಡ್ ಚೆರಿಟನ್ ಅವರ ಕೈಕೆಳಗೆ, ಹಲವು ಕಂಪ್ಯೂಟರುಗಳು ಒಂದಾಗಿ ಕೆಲಸ ಮಾಡುವ ವ್ಯವಸ್ಥೆಯೊಂದರಲ್ಲಿ ಅವರು ತೊಡಗಿದ್ದರು. ಒಂದೇ ಈಥರ್ನೆಟ್ ತಂತಿಯ ಮೇಲಿರುವ ಯಂತ್ರಗಳಿಗೆ ಒಟ್ಟಾಗಿ ಸಂದೇಶ ಕಳಿಸಬಹುದಿತ್ತು. ನಡುವೆ ರೂಟರ್ ಬಂದರೆ ಅದು ಅಲ್ಲೇ ನಿಲ್ಲುತ್ತಿತ್ತು. ಆ ಗೋಡೆಯನ್ನು ದಾಟಿಸುವ ಪ್ರಯತ್ನದ ಫಲವಾಗಿ 1985ರಲ್ಲಿ ‘ಆತಿಥೇಯ ಗುಂಪು’ಗಳ ಪ್ರಸ್ತಾವ, 1988ರಲ್ಲಿ ಡಿವಿಎಂಆರ್‌ಪಿ ಎಂಬ ಮಾರ್ಗನಿರ್ಣಯದ ನಿಯಮ, 1989ರ ಆಗಸ್ಟಿನಲ್ಲಿ ಇಂದಿಗೂ ಬುನಾದಿಯಾಗಿರುವ ಆರ್‌ಎಫ್‌ಸಿ 1112 ಬಂದವು. 224ರಿಂದ 239ರವರೆಗಿನ ಅಂಕಿಗಳಿಂದ ಆರಂಭವಾಗುವ ವಿಳಾಸಗಳನ್ನು ಗುಂಪುಗಳಿಗಾಗಿ ಮೀಸಲಿಡಲಾಯಿತು. ಅಂಥ ವಿಳಾಸ ಯಾವ ಮನೆಯದೂ ಅಲ್ಲ. ಅದೊಂದು ಹೆಸರು ಮಾತ್ರ. ಆ ಹೆಸರಿನ ಗುಂಪಿಗೆ ಯಾರು ಬೇಕಾದರೂ ಸೇರಬಹುದು, ಯಾವಾಗ ಬೇಕಾದರೂ ಬಿಡಬಹುದು.

ಇಲ್ಲೊಂದು ಬಡತನದ ಕಥೆ ಪ್ರಚಲಿತದಲ್ಲಿದೆ. ಗುಂಪಿನ ವಿಳಾಸವನ್ನು ಈಥರ್ನೆಟ್ಟಿನ ಯಂತ್ರಾಂಕಕ್ಕೆ ಪೂರ್ತಿಯಾಗಿ ಹೊಂದಿಸಲು ಡೀರಿಂಗರಿಗೆ ಹದಿನಾರು ಅಂಕಿಗುಚ್ಛಗಳು ಬೇಕಾಗಿದ್ದವಂತೆ. ಒಂದೊಂದರ ಬೆಲೆ ಸಾವಿರ ಡಾಲರ್. ಅಂತರ್ಜಾಲದ ಅಂಕಿಗಳ ಲೆಕ್ಕ ಇಡುತ್ತಿದ್ದ ಜಾನ್ ಪೋಸ್ಟೆಲ್ ಒಂದನ್ನು ಕೊಂಡು, ಅದರಲ್ಲೂ ಅರ್ಧವನ್ನು ಮಾತ್ರ ಕೊಟ್ಟರಂತೆ. ಕಥೆಯ ಸತ್ಯಾಸತ್ಯ ಹೇಗಾದರೂ ಇರಲಿ, 28 ಬಿಟ್ಟುಗಳ ಗುಂಪಿನ ಹೆಸರು 23 ಬಿಟ್ಟುಗಳಲ್ಲಿ ತುರುಕಿಕೊಂಡು, ಮೂವತ್ತೆರಡು ಗುಂಪುಗಳು ಒಂದೇ ಯಂತ್ರಾಂಕವನ್ನು ಹಂಚಿಕೊಳ್ಳುತ್ತಿರುವುದು ಮಾತ್ರ ಇಂದಿಗೂ ನಿಜ. ಮುಂಬಯಿಯ ಚಾಳಿನಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಯಮ ಬಂತು, ಅದನ್ನು ಪಾಲಿಸುವ ರೂಟರ್ ಬರಲಿಲ್ಲ. ತಯಾರಕರು ಯಾರೂ ಆಗ ಅದನ್ನು ತಮ್ಮ ಯಂತ್ರಗಳಲ್ಲಿ ಅಳವಡಿಸಿರಲಿಲ್ಲ. ಆಗ ಹುಟ್ಟಿದ್ದು ‘ಎಂ-ರೂಟ್-ಡಿ’ ಎಂಬ ತಂತ್ರಾಂಶ. ಅದು ಯುನಿಕ್ಸ್ ಇರುವ ಸಾಮಾನ್ಯ ಕಂಪ್ಯೂಟರನ್ನೇ ಮಲ್ಟಿಕಾಸ್ಟ್ ರೂಟರ್ ಮಾಡುತ್ತಿತ್ತು. ಸಂಶೋಧನಾಲಯದ ಮೂಲೆಯಲ್ಲಿರುವ ಒಂದು ಸನ್ ವರ್ಕ್‌ಸ್ಟೇಶನ್ ಆರಿಸಿಕೊಳ್ಳುವುದು, ಅದರ ಕರ್ನೆಲನ್ನು ಮಲ್ಟಿಕಾಸ್ಟ್ ಸಹಿತವಾಗಿ ಮರುಕಟ್ಟುವುದು, ಒಂದು ಪುಟ್ಟ ಕಡತ ಬರೆಯುವುದು, ತಂತ್ರಾಂಶ ಓಡಿಸುವುದು. ಇಷ್ಟು ಮಾಡಿದವರ ಯಂತ್ರ ತನ್ನ ಸುತ್ತಲಿನ ತಂತಿಗಳಿಗೆ ಹಂಚಲು ಸಿದ್ಧವಾಗುತ್ತಿತ್ತು. ಆದರೆ ಪಕ್ಕದ ವಿಶ್ವವಿದ್ಯಾಲಯವನ್ನು ತಲಪಬೇಕಾದರೆ ನಡುವಿನ ರೂಟರುಗಳಿಗೆ ಈ ಭಾಷೆ ಬಾರದು. ಅದಕ್ಕೆ ಸುರಂಗದ ಉಪಾಯ ಮಾಡಿದರು. ಮಲ್ಟಿಕಾಸ್ಟ್ ಪ್ಯಾಕೆಟ್ಟನ್ನು ಒಂದು ಸಾಮಾನ್ಯ ಪ್ಯಾಕೆಟ್ಟಿನೊಳಗೆ ಸುತ್ತಿ, ಆಚೆ ತುದಿಯ ಕಂಪ್ಯೂಟರಿನ ವಿಳಾಸ ಬರೆದು ಕಳಿಸುವುದು. ಊರಿಗೆ ಹೊರಟವರ ಕೈಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟಂತೆ. ಒಯ್ಯುವವನಿಗೆ ಒಳಗೇನಿದೆ ಎಂದು ತಿಳಿಯಬೇಕಾಗಿಲ್ಲ. ಊರಿನಲ್ಲಿ ಬಿಚ್ಚಿದವರು ಕೇರಿಗೆಲ್ಲ ಹಂಚುತ್ತಾರೆ.

ಸುರಂಗ ತೋಡಲು ಎರಡೂ ತುದಿಯವರ ಒಪ್ಪಿಗೆ ಬೇಕಿತ್ತು. ಕಡತದ ಒಂದು ಸಾಲಿನಲ್ಲಿ ತನ್ನ ವಿಳಾಸ, ಅವರ ವಿಳಾಸ, ದಾರಿಯ ಬೆಲೆ, ಜೊತೆಗೆ ಒಂದು ಹೊಸ್ತಿಲು. ಪ್ರತಿ ಪ್ಯಾಕೆಟ್ಟಿಗೂ ಹುಟ್ಟುವಾಗಲೇ ಒಂದು ಆಯುಸ್ಸು ನಿಗದಿಯಾಗಿರುತ್ತದೆ. ದಾಟಿದ ಪ್ರತಿ ರೂಟರಿನಲ್ಲಿ ಅದು ಒಂದು ಕಡಿಮೆಯಾಗುತ್ತದೆ. ಉಳಿದ ಆಯುಸ್ಸು ಹೊಸ್ತಿಲಿಗಿಂತ ಕಡಿಮೆಯಿದ್ದರೆ ಪ್ಯಾಕೆಟ್ ಹೊರಗೆ ಕಾಲಿಡುವಂತಿಲ್ಲ. ಸಂಸ್ಥೆಯೊಳಗೆ ಉಳಿಯಬೇಕಾದ ಮಾತಿಗೆ 32, ಪ್ರದೇಶಕ್ಕೆ 64, ಖಂಡಕ್ಕೆ 128, ಮೇರೆಯೇ ಇಲ್ಲದ್ದಕ್ಕೆ 255 ಎಂಬ ವಾಡಿಕೆ ಬೆಳೆಯಿತು. 1 ಎಂದರೆ ಹುಟ್ಟಿದ ತಂತಿಯನ್ನು ಬಿಡುವಂತಿಲ್ಲ. ಚಿತ್ರ ಕಳಿಸುವ ನನ್ನ ತಂತ್ರಾಂಶ ಸುರಕ್ಷತೆಗೆಂದು ಈ 1ನ್ನೇ ಬರೆಯುತ್ತಿತ್ತು. ಮೊದಲ ಸಂಜೆ ಎಲ್ಲವೂ ಸರಿಯಿದ್ದು ಏನೂ ಬಾರದೆ ಇದ್ದುದಕ್ಕೆ ಕಾರಣ ಅಷ್ಟೇ. ಪ್ಯಾಕೆಟ್ಟುಗಳು ನನ್ನ ರೂಟರಿನ ಹೊಸ್ತಿಲಲ್ಲಿ ಪ್ರಾಣ ಬಿಡುತ್ತಿದ್ದವು.

ಈ ಸುರಂಗಗಳಿಂದ ಕಟ್ಟಿದ ಜಾಲಕ್ಕೆ ಎಂಬೋನ್ ಎಂದು ಹೆಸರಾಯಿತು. 1992ರ ಮಾರ್ಚಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಅಂತರ್ಜಾಲದ ಎಂಜಿನಿಯರುಗಳ ಸಭೆ ನಡೆಯಿತು. ಸ್ಟೀವ್ ಕ್ಯಾಸ್ನರ್, ಡೀರಿಂಗ್ ಮೊದಲಾದವರು ಸಭೆಯ ಧ್ವನಿಯನ್ನು ಇಪ್ಪತ್ತು ಸ್ಥಳಗಳಿಗೆ ಮುಟ್ಟಿಸಿದರು. ಅಮೆರಿಕ, ಬ್ರಿಟನ್, ಸ್ವೀಡನ್, ಆಸ್ಟ್ರೇಲಿಯ. ದೂರದಲ್ಲಿ ಕುಳಿತವರು ಕೇಳಿದ್ದಷ್ಟೇ ಅಲ್ಲ, ಮರಳಿ ಪ್ರಶ್ನೆಯನ್ನೂ ಕೇಳಿದರು.

ಆ ಪಟ್ಟಿಯಲ್ಲಿ ಮುಂಬಯಿ ಇಲ್ಲ. ಇರುವಂತೆಯೂ ಇರಲಿಲ್ಲ. ಭಾರತದ ಶೈಕ್ಷಣಿಕ ಜಾಲ ಅರ್ನೆಟ್ 1986ರಲ್ಲಿ ಆರಂಭವಾಗಿತ್ತು: ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಮತ್ತು ಜುಹೂವಿನ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ. ಶ್ರೀನಿವಾಸನ್ ರಮಣಿಯವರ ನೇತೃತ್ವದ ಈ ಕೊನೆಯ ಸಂಸ್ಥೆಯೇ ದೇಶದ ಹೊರಬಾಗಿಲು. ಮುಂದೆ ನವಿ ಮುಂಬಯಿಯಲ್ಲೂ ನೆಲೆಯೂರಿ, ಅದು ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಆ ಹೊರಬಾಗಿಲಿನ ಅಗಲ ಮೊದಲು ಸೆಕೆಂಡಿಗೆ 9.6 ಕಿಲೋಬಿಟ್, 1992ರ ಹೊತ್ತಿಗೆ 64. ಈಗ ಲೆಕ್ಕ ನೋಡಿ. ದೂರವಾಣಿಯ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 8000 ಮಾದರಿ, ಒಂದೊಂದಕ್ಕೆ 8 ಬಿಟ್, ಒಟ್ಟು 64 ಕಿಲೋಬಿಟ್. ಪ್ಯಾಕೆಟ್ಟಿನ ತಲೆಬರಹಗಳಿಗೆ ಇನ್ನೂ ಕೆಲವು. ಸಂಕೋಚಿಸದ ಒಬ್ಬ ಮನುಷ್ಯನ ಒಂದು ಧ್ವನಿ ಇಡೀ ದೇಶದ ಶೈಕ್ಷಣಿಕ ಹೊರಬಾಗಿಲಿನಲ್ಲಿ ಹಿಡಿಸುತ್ತಿರಲಿಲ್ಲ. ಹಿಮ್ಮುಖ ದಾರಿಯ ಸೂತ್ರ ಕಂಡವರು ಓದಿದ ಪೊವಾಯಿಯೂ ಆ ಬಾಗಿಲಿನ ಹಿಂದೆಯೇ ಇತ್ತು. ಅದೇ 1992ರಲ್ಲಿ ಮಾನ್‌ಖುರ್ದಿನಿಂದ ಖಾಡಿ ದಾಟಿ ವಾಶಿಗೆ ಲೋಕಲ್ ರೈಲು ಓಡತೊಡಗಿತು. ನಮ್ಮ ಮಟ್ಟಿಗೆ ಆ ವರ್ಷದ ದೊಡ್ಡ ಸಂಪರ್ಕವೆಂದರೆ ಅದೇ. ಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ಎಂಬೋನಿನ ಮೊದಲ ರೂಟರುಗಳಲ್ಲಿ ಒಂದು ದೊಡ್ಡ ಕೊರತೆಯಿತ್ತು. ಕೇಳುವವರಿಲ್ಲದ ಕವಲನ್ನು ಕತ್ತರಿಸಲು ಅವಕ್ಕೆ ಬರುತ್ತಿರಲಿಲ್ಲ. ಕೊನೆಯ ತಂತಿಯ ಮೇಲೆ ಮಾತ್ರ ‘ಯಾರಾದರೂ ಇದ್ದೀರಾ’ ಎಂದು ಕೇಳುತ್ತಿದ್ದವು. ಅಲ್ಲಿಯವರೆಗೆ ಎಲ್ಲ ಸುರಂಗಗಳಲ್ಲೂ ಎಲ್ಲವೂ ಹರಿಯುತ್ತಿತ್ತು. ಕೆಲವು ವರ್ಷಗಳ ಮೇಲೆ ಸವರುವಿಕೆ ಬಂತು. ಕೇಳುಗರಿಲ್ಲದ ರೂಟರ್ ತನ್ನ ಮೇಲಿನವನಿಗೆ ‘ನನಗೆ ಬೇಡ’ ಎಂದು ಹೇಳುವುದು, ಅವನಿಗೂ ಬೇಡವಾದರೆ ಅವನು ತನ್ನ ಮೇಲಿನವನಿಗೆ ಹೇಳುವುದು. ಅಡಿಕೆ ತೋಟ ಕಂಡವರಿಗೆ ಸೊಪ್ಪು ಸವರುವುದು ಗೊತ್ತಿದೆ, ಇಲ್ಲಿ ಕೊಂಬೆ ತಾನೇ ತನ್ನನ್ನು ಸವರಿಕೊಳ್ಳುತ್ತದೆ. ಬೇಕಾದಾಗ ಮತ್ತೆ ಚಿಗುರುತ್ತದೆ.

1994ರ ನವೆಂಬರ್ 18ರಂದು ಡಲಾಸಿನಿಂದ ರೋಲಿಂಗ್ ಸ್ಟೋನ್ಸ್ ತಂಡದ ಗಾಯನ ಎಂಬೋನಿನಲ್ಲಿ ಪ್ರಸಾರವಾಯಿತು. ಜಾಲದಲ್ಲಿ ಯಾರು ಬೇಕಾದರೂ ಕಳಿಸಬಹುದಲ್ಲ! ಡೀರಿಂಗ್ ಅವರೂ ಕೆಲಸ ಮಾಡಿದ್ದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದ ಕೆಲವರು ಕಟ್ಟಿಕೊಂಡಿದ್ದ ‘ಸಿವಿಯರ್ ಟೈರ್ ಡ್ಯಾಮೇಜ್’ ಎಂಬ ತಂಡ, ಯಾರೂ ಕರೆಯದಿದ್ದರೂ, ಅದಕ್ಕೂ ಮುಂಚೆ ಅದೇ ಜಾಲದಲ್ಲಿ ತನ್ನ ಹಾಡು ಹಾಡಿತು. ಎಲ್ಲರೂ ನಕ್ಕರು. ಆದರೆ ವ್ಯಾಪಾರಿ ದೃಷ್ಟಿಯವರಿಗೆ ಅದರಲ್ಲಿ ನಗು ಕಾಣಲಿಲ್ಲ. ಯಾರು ಬೇಕಾದರೂ ಯಾವ ಗುಂಪಿಗೂ ಕಳಿಸಬಹುದಾದರೆ ತಡೆಯುವವರು ಯಾರು? ಒಳಬಂದ ಒಂದು ಪ್ಯಾಕೆಟ್ ನನ್ನ ಜಾಲದೊಳಗೆ ಹತ್ತು ಸಾವಿರವಾದರೆ ಯಾರಿಗೆ ಬಿಲ್ ಕೊಡಲಿ? ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕೇಳುವ ಕ್ರಮವೇನು? ಪ್ರತಿ ಗುಂಪಿಗೂ ಪ್ರತಿ ರೂಟರ್ ನೆನಪಿನಲ್ಲಿ ಜಾಗ ಕೊಡಬೇಕಲ್ಲ? ಹೆಚ್ಚು ಅಚ್ಚುಕಟ್ಟಾದ ನಿಯಮಗಳು 1998ರ ಹೊತ್ತಿಗೆ ಬಂದವು, ದೊಡ್ಡ ರೂಟರುಗಳಿಗೂ ಈ ಭಾಷೆ ಬಂತು, ಸುರಂಗಗಳು ಅನವಶ್ಯಕವಾದವು. ಆದರೂ ಸೇವೆ ಒದಗಿಸುವ ಕಂಪನಿಗಳು ಪರಸ್ಪರರ ನಡುವೆ ಈ ಬಾಗಿಲು ತೆರೆಯಲಿಲ್ಲ. ತಂತ್ರ ಸೋತದ್ದಲ್ಲ, ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಾಲಮು ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗೆ ಲೋಕದಿಂದ ಹಿಂದೆ ಸರಿದ ಮಲ್ಟಿಕಾಸ್ಟ್ ಒಬ್ಬನೇ ಒಡೆಯನಿರುವ ಜಾಲಗಳೊಳಗೆ ಸೇರಿಕೊಂಡಿತು. ತಂತಿಯ ಮೂಲಕ ದೂರದರ್ಶನ ಕೊಡುವ ಕಂಪನಿಗಳು ಅದನ್ನು ಇಟ್ಟುಕೊಂಡವು. ಷೇರು ಮಾರುಕಟ್ಟೆಗಳೂ ಇಟ್ಟುಕೊಂಡವು. ಮುಂಬಯಿಯ ಚರಿತ್ರೆ ಈ ಕಥೆಯನ್ನು ಮತ್ತೆ ಸಂಧಿಸುವುದು ಇಲ್ಲಿ.

ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಷೇರು ವಹಿವಾಟು ಆರಂಭಿಸಿದ್ದು 1994ರ ನವೆಂಬರ್ 3ರಂದು, ಡಲಾಸಿನ ಆ ಗಾಯನಕ್ಕೆ ಹದಿನೈದು ದಿನ ಮೊದಲು. ದಲ್ಲಾಳಿಗಳ ಮಾಳಿಗೆಗಳ ಮೇಲೆ ಪುಟ್ಟ ಉಪಗ್ರಹ ತಟ್ಟೆಗಳು ಬಂದವು. ಉಪಗ್ರಹದ ಸ್ವಭಾವವೇ ಹಂಚುವುದು. ಆಕಾಶದಿಂದ ಬಿದ್ದ ಬೆಲೆ ಥಾಣೆಗೂ ಮಂಗಳೂರಿಗೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳುತ್ತದೆ. ಮುಂದೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗೂ ಬೆಲೆ ಬಂದಾಗ, 2010ರ ಸುಮಾರಿಗೆ, ದಲ್ಲಾಳಿಗಳು ತಮ್ಮ ಕಂಪ್ಯೂಟರುಗಳನ್ನು ವಿನಿಮಯ ಕೇಂದ್ರದ ಕಟ್ಟಡದೊಳಗೇ ಬಾಡಿಗೆಗೆ ಇಡುವ ವ್ಯವಸ್ಥೆಯಾಯಿತು. ಅಲ್ಲಿ ಪ್ರತಿ ವಹಿವಾಟಿನ ಮಾಹಿತಿಯನ್ನು ಕಳಿಸುತ್ತಿದ್ದ ಕ್ರಮ ಮಲ್ಟಿಕಾಸ್ಟ್ ಆಗಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ರತಿ, ಒಬ್ಬರಾದ ಮೇಲೆ ಒಬ್ಬರಿಗೆ. ಬೆಳಿಗ್ಗೆ ಮೊದಲು ಬಂದು ಸಾಲಿನಲ್ಲಿ ನಿಂತವನಿಗೆ ಮೊದಲ ಪ್ರತಿ. ಪಡಿತರದ ಅಂಗಡಿಯಲ್ಲಿ ಇದು ನ್ಯಾಯ. ಇಲ್ಲಿ ಮೊದಲು ತಿಳಿದವನು ಉಳಿದವರು ತಿಳಿಯುವ ಮುನ್ನ ಕೊಂಡು ಮುಗಿಸಬಲ್ಲ.

2014ರಲ್ಲಿ ಆ ಮಾಹಿತಿ ಮಲ್ಟಿಕಾಸ್ಟಿಗೆ ಬದಲಾಯಿತು. ಮರುವರ್ಷ ಒಂದು ಅನಾಮಧೇಯ ದೂರು ಬಹಿರಂಗವಾಗಿ, ಹಿಂದಿನ ವರ್ಷಗಳ ವಿಚಾರಣೆ ನಡೆಯಿತು. ಸೆಬಿ 2019ರ ಏಪ್ರಿಲ್ 30ರ ಆದೇಶದಲ್ಲಿ ಸುಮಾರು 625 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಒಪ್ಪಿಸುವಂತೆ ವಿನಿಮಯ ಕೇಂದ್ರಕ್ಕೆ ಹೇಳಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದುಮಾಡಿ, ತಕ್ಕ ಎಚ್ಚರ ವಹಿಸದಿದ್ದುದಕ್ಕೆ 100 ಕೋಟಿ ರೂಪಾಯಿ ಎಂದಿತು. ಒಳಸಂಚಿಗೆ ಸಾಕಷ್ಟು ಪುರಾವೆ ಇಲ್ಲವೆಂದು 2024ರಲ್ಲಿ ಸೆಬಿಯೇ ಆ ಭಾಗವನ್ನು ಮುಗಿಸಿತು. ನ್ಯಾಯದ ತೀರ್ಮಾನ ಏನೇ ಇರಲಿ, ಆ ಕಡತಗಳನ್ನು ಓದುವಾಗ ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ‘ಒಬ್ಬರಾದ ಮೇಲೆ ಒಬ್ಬರಿಗೆ’ ಮತ್ತು ‘ಕೇಳಿದ ಎಲ್ಲರಿಗೂ ಒಮ್ಮೆಗೇ’ ಎಂಬ ಎರಡು ರೀತಿಗಳ ಅಂತರ, 1980ರ ದಶಕದಲ್ಲಿ ತಂತಿ ಉಳಿಸಲು ಹುಟ್ಟಿದ್ದು, ಬಾಂದ್ರಾದ ಒಂದು ಕಟ್ಟಡದಲ್ಲಿ ಸಮಾನತೆಯ ಪ್ರಶ್ನೆಯಾಗಿ ನ್ಯಾಯಪೀಠದ ಮುಂದೆ ನಿಂತಿತ್ತು.

ಉಳಿದ ಲೋಕ ಮತ್ತೊಂದು ದಾರಿ ಹಿಡಿಯಿತು. ಪ್ರತಿಗಳನ್ನು ಕಡಿಮೆ ಮಾಡುವ ಬದಲು, ಪ್ರತಿ ಮಾಡುವ ಯಂತ್ರಗಳನ್ನು ಓದುಗನ ಮನೆಯ ಹತ್ತಿರಕ್ಕೆ ತಂದಿಟ್ಟಿತು. 2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ಲನ್ನು ಹಾಟ್‌ಸ್ಟಾರಿನಲ್ಲಿ ಒಂದೇ ಹೊತ್ತಿಗೆ ನೋಡುತ್ತಿದ್ದವರು 5.9 ಕೋಟಿ ಮಂದಿ. ಅಷ್ಟೂ ಪರದೆಗಳಿಗೆ ಅಷ್ಟೂ ಪ್ರತ್ಯೇಕ ಪ್ರತಿಗಳು. ಅದೇ ಚೆಂಡು, ಅದೇ ಕ್ಷಣ. ಐರೋಲಿ, ರಬಾಳೆ, ಮಹಾಪೆಗಳ ದಾರಿಯಲ್ಲಿ ಕಿಟಕಿಯಿಲ್ಲದ ಎತ್ತರದ ಡೇಟಾ ಕೇಂದ್ರಗಳನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅವುಗಳ ಕೆಲಸ ಇದೊಂದೇ ಅಲ್ಲವೆಂದು ಬಲ್ಲೆ. ಆದರೂ ಕವಲಿನಲ್ಲಿ ಇಮ್ಮಡಿಸಬಹುದಾಗಿದ್ದದ್ದನ್ನು ಮೊದಲೇ ಕೋಟಿಯಾಗಿ ಅಚ್ಚು ಹಾಕುವ ಇಂಥ ಕಾರ್ಖಾನೆಗಳಿಗೆ ತಗಲುವ ವಿದ್ಯುತ್ತು ಎಷ್ಟೋ!

ನಮ್ಮ ಸಂಕೀರ್ಣಕ್ಕೆ ಮರಳುತ್ತೇನೆ. ಆಯುಸ್ಸನ್ನು ಹೆಚ್ಚಿಸಿ, ವೈಫೈ ಆರಿಸಿ, ಮೂರನೆಯ ಸಂಜೆ ದಾರಿಯನ್ನು ಕೈಯಾರೆ ಬರೆದು ಕೊಟ್ಟೆ: ಈ ಬಾಗಿಲಿನಿಂದ ಬಂದದ್ದು ಆ ಬಾಗಿಲಿಗೆ. ಎದುರಿನ ಕಟ್ಟಡದ ಮೂರನೆಯ ಮಹಡಿಯಿಂದ ‘ಬಂತು, ಬಂತು’ ಎಂಬ ಕೂಗು ಕೇಳಿಸಿತು. ನಾಲ್ಕು ನಿಮಿಷ ಚೆನ್ನಾಗಿ ಬಂದು ಚಿತ್ರ ನಿಂತಿತು. ಮತ್ತೆ ಹಚ್ಚಿದರೆ ಮತ್ತೆ ನಾಲ್ಕು ನಿಮಿಷ. ಗಡಿಯಾರ ಹಿಡಿದು ನೋಡಿದೆ. ಪ್ರತಿ ಬಾರಿಯೂ ಸುಮಾರು 260 ಸೆಕೆಂಡು.

ಕಾರಣ ತಿಳಿದಾಗ ಸಣ್ಣಗೆ ನಾಚಿಕೆಯಾಯಿತು. ಆ ಕಟ್ಟಡದ ಸ್ವಿಚ್ ಯಾವ ಮನೆ ಕೇಳುತ್ತಿದೆ ಎಂಬುದನ್ನು ಗಮನಿಸಿ ಆ ಮನೆಗಳಿಗೆ ಮಾತ್ರ ಬಿಡುತ್ತಿತ್ತು. ಮನೆಯವರು ತಾವಾಗಿ ಹೇಳುವುದು ಸೇರುವಾಗ ಒಮ್ಮೆ. ಆಮೇಲೆ ಯಾರಾದರೂ ಕೇಳಿದರೆ ಮಾತ್ರ ಉತ್ತರ. ನಿಜವಾದ ಮಲ್ಟಿಕಾಸ್ಟ್ ರೂಟರ್ ಪ್ರತಿ 125 ಸೆಕೆಂಡಿಗೊಮ್ಮೆ ತಂತಿಯ ಮೇಲೆ ‘ಇನ್ನೂ ಕೇಳುತ್ತಿದ್ದೀರಾ’ ಎಂದು ವಿಚಾರಿಸುತ್ತದೆ. ಎರಡು ವಿಚಾರಣೆಗೂ, ಮೇಲೆ ಹತ್ತು ಸೆಕೆಂಡಿಗೂ ಉತ್ತರ ಬಾರದಿದ್ದರೆ ಆ ಮನೆ ಎದ್ದು ಹೋಯಿತೆಂದು ಭಾವಿಸುವುದು ಪದ್ಧತಿ. ನಾನು ದಾರಿಯನ್ನಷ್ಟೇ ಬರೆದಿದ್ದೆ, ವಿಚಾರಿಸುವವರನ್ನು ನೇಮಿಸಿರಲಿಲ್ಲ. ಹನ್ನೊಂದು ಮನೆಗಳೂ ಕಾದು ಕುಳಿತಿದ್ದವು. ಯಾರೂ ಕೇಳದಿದ್ದುದರಿಂದ ಯಾರೂ ಇಲ್ಲವೆಂದು ತೀರ್ಮಾನವಾಗುತ್ತಿತ್ತು.

ನಾಲ್ಕನೆಯ ಸಂಜೆ ಆ ಹಳೆಯ ಎಂ-ರೂಟ್-ಡಿಯನ್ನೇ ಹುಡುಕಿ ಹಾಕಿದೆ. ಮೂವತ್ತು ವರ್ಷಗಳ ಹಿಂದಿನ ಆ ತಂತ್ರಾಂಶದ ಇಂದಿನ ರೂಪ ಲಿನಕ್ಸಿನಲ್ಲಿ ಈಗಲೂ ಸಿಗುತ್ತದೆ. ಕಡತದಲ್ಲಿ ಬರೆಯಬೇಕಾದದ್ದೇನೂ ಇರಲಿಲ್ಲ. ಎರಡು ಬಾಗಿಲುಗಳನ್ನು ತಾನೇ ಗುರುತಿಸಿತು, ತಾನೇ ವಿಚಾರಿಸತೊಡಗಿತು.

ಭಾನುವಾರ ಸಂಜೆ ಆರಕ್ಕೆ ಭಾಗವತರು ಗಣಪತಿ ಸ್ತುತಿ ಎತ್ತಿಕೊಂಡರು. ಹಳೆಯ ತಂತಿಯ ಮೇಲೆ ಸೆಕೆಂಡಿಗೆ 4 ಮೆಗಾಬಿಟ್, ಒಂದೇ ಪ್ರತಿ. ನಾನು ಯಂತ್ರದ ಮುಂದೆ ಕುಳಿತು, ತಂತಿಯ ಮೇಲೆ ಹೋಗಿಬರುವ ಸಂದೇಶಗಳನ್ನು ತೋರಿಸುವ ಪರದೆ ತೆರೆದಿಟ್ಟಿದ್ದೆ. ಈಗಿನ ನಿಯಮದಲ್ಲಿ ಪ್ರತಿ ಮನೆಯೂ ಪ್ರತ್ಯೇಕವಾಗಿ ಉತ್ತರಿಸುತ್ತದೆ. ಎರಡು ನಿಮಿಷಕ್ಕೊಮ್ಮೆ ಒಂದು ಪ್ರಶ್ನೆ, ಹನ್ನೊಂದು ಉತ್ತರ. ಕೌರವ ಮತ್ತು ಕೃಷ್ಣ ವಾದಕ್ಕೆ ಬಿದ್ದಾಗಲೂ ಹನ್ನೊಂದು. ರಾತ್ರಿ ಹತ್ತರ ಸುಮಾರಿಗೆ ಮಂಗಳವಾಯಿತು. ಉತ್ತರಗಳು ಒಂಬತ್ತಾದವು, ಐದಾದವು, ಎರಡಾದವು. ಕೊನೆಯ ಒಂದು ಮನೆ ಸಭಾಗೃಹದಲ್ಲಿ ಮೈಕು ಆರಿಸಿ, ಚಾಪೆ ಸುತ್ತಿ, ದೀಪ ತೆಗೆದ ಮೇಲೂ ಅರ್ಧ ತಾಸು ಉತ್ತರ ಕೊಡುತ್ತಲೇ ಇತ್ತು. ನಾನು ಕಂಪ್ಯೂಟರನ್ನು ಆರಿಸದೆ ಕಾದೆ.